ಕರುಳಿನ ಹುಳಿ, ಇಲಿಯ ಬೇಸರ

ಮಕ್ಕಳೇ, ಪರೀಕ್ಷೆಯ ದಿನ ಬೆಳಿಗ್ಗೆ ನಿಮ್ಮ ಹೊಟ್ಟೆಯಲ್ಲಿ ತಳಮಳವಾದದ್ದು ಉಂಟೇ? ಹೆದರಿದ್ದು ಮನಸ್ಸು, ಕೆಟ್ಟದ್ದು ಹೊಟ್ಟೆ! ಮಿದುಳಿನ ಸುದ್ದಿ ಕರುಳಿಗೆ ಮುಟ್ಟುತ್ತದೆ ಎಂದಾಯಿತು. ಹಾಗಾದರೆ ಕರುಳಿನ ಸುದ್ದಿ ಮಿದುಳಿಗೆ ಮುಟ್ಟುವುದೇ? ವಿಜ್ಞಾನಿಗಳು ಈ ಪ್ರಶ್ನೆಗೆ ಇಲಿಗಳಲ್ಲಿ ಉತ್ತರ ಹುಡುಕಿದ್ದಾರೆ.

ನಾರಿನಿಂದ ಆಮ್ಲ

ರಾಗಿ, ಹುರುಳಿ, ಸೊಪ್ಪು, ಬಾಳೆಹಣ್ಣು ಇವುಗಳಲ್ಲಿ ನಾರು ಇದೆ. ನಾರನ್ನು ಜೀರ್ಣಿಸುವ ಕಿಣ್ವಗಳು ನಮ್ಮಲ್ಲಿಲ್ಲ. ಆದ್ದರಿಂದ ಅದು ಹಾಗೆಯೇ ದೊಡ್ಡ ಕರುಳಿಗೆ ಬರುತ್ತದೆ. ಅಲ್ಲಿ ಅದಕ್ಕಾಗಿ ಬ್ಯಾಕ್ಟೀರಿಯಾಗಳು ಕಾದಿರುತ್ತವೆ. 2016ರ ಒಂದು ಅಂದಾಜಿನಂತೆ ಒಬ್ಬ ವಯಸ್ಕನ ದೇಹದಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳಿವೆ. ಅವುಗಳಲ್ಲಿ ಹೆಚ್ಚಿನವು ವಾಸಿಸುವುದು ದೊಡ್ಡ ಕರುಳಿನಲ್ಲಿ.

ರಾತ್ರಿ ರುಬ್ಬಿಟ್ಟ ದೋಸೆ ಹಿಟ್ಟು ಬೆಳಗಾಗುವಷ್ಟರಲ್ಲಿ ಹುಳಿಯಾಗುತ್ತದಲ್ಲವೇ? ಹಾಗೆಯೇ ಈ ಬ್ಯಾಕ್ಟೀರಿಯಾಗಳು ನಾರನ್ನು ಹುದುಗಿಸಿ ಆಮ್ಲಗಳನ್ನು ತಯಾರಿಸುತ್ತವೆ. ಮುಖ್ಯವಾದವು ಅಸಿಟಿಕ್, ಪ್ರೊಪಿಯೋನಿಕ್ ಮತ್ತು ಬ್ಯುಟಿರಿಕ್ ಆಮ್ಲ. ಇವುಗಳ ಅಣುವಿನಲ್ಲಿ ಕ್ರಮವಾಗಿ 2, 3 ಮತ್ತು 4 ಇಂಗಾಲದ ಪರಮಾಣುಗಳು ಸರಪಳಿಯಂತೆ ಜೋಡಣೆಯಾಗಿವೆ. ಸರಪಳಿ ಚಿಕ್ಕದಾದ್ದರಿಂದ ಇವಕ್ಕೆ 'ಕಿರುಸರಪಳಿ ಮೇದಾಮ್ಲ'ಗಳೆಂದು ಹೆಸರು. ಅಸಿಟಿಕ್ ಆಮ್ಲ ವಿನಿಗರ್‌ನಲ್ಲಿದೆ. ಬ್ಯುಟಿರಿಕ್ ಆಮ್ಲ ಬೆಣ್ಣೆಯಲ್ಲಿದೆ.

ಇಲಿಯ ಬೇಸರ ತಿಳಿಯುವುದು ಹೇಗೆ?

'ನನಗೆ ಬೇಸರ' ಎಂದು ಇಲಿ ಹೇಳಲಾರದು. ಅದಕ್ಕೆ ವಿಜ್ಞಾನಿಗಳು ಒಂದು ಉಪಾಯ ಮಾಡುತ್ತಾರೆ. ಗೂಡಿನಲ್ಲಿ ಎರಡು ಬಾಟಲಿ ಇಡುತ್ತಾರೆ. ಒಂದರಲ್ಲಿ ಬರೀ ನೀರು, ಇನ್ನೊಂದರಲ್ಲಿ ಸಕ್ಕರೆ ನೀರು. ಆರೋಗ್ಯವಂತ ಇಲಿ ಸಕ್ಕರೆ ನೀರನ್ನೇ ಹೆಚ್ಚು ಕುಡಿಯುತ್ತದೆ. ಬಹಳ ದಿನ ಒತ್ತಡಕ್ಕೆ ಸಿಕ್ಕ ಇಲಿಗೆ ಆ ಆಸೆ ಕುಗ್ಗುತ್ತದೆ. ಇಷ್ಟವಾದುದೂ ಬೇಡವೆನಿಸುವುದು ಮನುಷ್ಯರ ಖಿನ್ನತೆಯ ಒಂದು ಲಕ್ಷಣ. ಆದರೂ ಇಲಿಯಲ್ಲಿ ಕಂಡದ್ದನ್ನು ವಿಜ್ಞಾನಿಗಳು 'ಖಿನ್ನತೆ' ಎನ್ನದೆ 'ಖಿನ್ನತೆಯಂಥ ವರ್ತನೆ' ಎನ್ನುತ್ತಾರೆ.

ಎರಡು ಪ್ರಯೋಗಗಳು

2004ರಲ್ಲಿ ಜಪಾನಿನ ಕ್ಯೂಷು ವಿಶ್ವವಿದ್ಯಾಲಯದ ವಿಜ್ಞಾನಿಗಳು, ಹುಟ್ಟಿನಿಂದ ಬ್ಯಾಕ್ಟೀರಿಯಾ ಸೋಂಕದಂತೆ ಬೆಳೆಸಿದ ಇಲಿಗಳನ್ನು ಪರೀಕ್ಷಿಸಿದರು. ಅಲುಗದಂತೆ ಹಿಡಿದಿಟ್ಟಾಗ, ಒತ್ತಡದ ಹಾರ್ಮೋನು ಸಾಮಾನ್ಯ ಇಲಿಗಳಿಗಿಂತ ಇವುಗಳಲ್ಲಿ ಹೆಚ್ಚು ಏರಿತು. ಒಂದು ಬಗೆಯ ಉಪಕಾರಿ ಬ್ಯಾಕ್ಟೀರಿಯಾವನ್ನು ಕರುಳಿಗೆ ಸೇರಿಸಿದ ಮೇಲೆ ಆ ಏರಿಕೆ ತಗ್ಗಿತು.

ಬ್ಯಾಕ್ಟೀರಿಯಾ ತಯಾರಿಸುವ ಆಮ್ಲಗಳಿಗೂ ಇದರಲ್ಲಿ ಪಾತ್ರವಿದೆಯೇ? 2018ರಲ್ಲಿ ಐರ್ಲೆಂಡಿನ ಕಾರ್ಕ್ ನಗರದ ವಿಜ್ಞಾನಿಗಳು ಇದನ್ನು ವರದಿ ಮಾಡಿದರು. ಅವರು ಮೂರೂ ಆಮ್ಲಗಳ ಲವಣಗಳನ್ನು ಕುಡಿಯುವ ನೀರಿನಲ್ಲಿ ಬೆರೆಸಿ ಕೆಲವು ಇಲಿಗಳಿಗೆ ಕೊಟ್ಟರು. ಉಳಿದವಕ್ಕೆ ಕೊಡಲಿಲ್ಲ. ಆಮೇಲೆ ಇಲಿಗಳನ್ನು ಮೂರು ವಾರ ಜಗಳಗಂಟಿ ಇಲಿಗಳ ಕಾಟದಂಥ ಒತ್ತಡಕ್ಕೆ ಒಳಪಡಿಸಿದರು. ಆಮ್ಲ ಸಿಕ್ಕ ಇಲಿಗಳಲ್ಲಿ ಖುಷಿ ಕೊಡುವ ಸಂಗತಿಗಳ ಮೇಲಿನ ಆಸಕ್ತಿ ಅಷ್ಟಾಗಿ ಕುಗ್ಗಲಿಲ್ಲ. ಒತ್ತಡದಿಂದ ಕರುಳಿನ ಗೋಡೆ ಸೋರುವುದೂ ಕಡಿಮೆಯಾಯಿತು. ಆದರೆ ಒತ್ತಡದಿಂದ ದೇಹತೂಕದಲ್ಲಾದ ವ್ಯತ್ಯಾಸ ಸರಿಹೋಗಲಿಲ್ಲ. ಎಂದರೆ ಆಮ್ಲ ಎಲ್ಲವನ್ನೂ ಸರಿಪಡಿಸುವ ಮಂತ್ರವಲ್ಲ.

ಸುದ್ದಿ ಹೋಗುವ ದಾರಿ ಯಾವುದು? ರಕ್ತ, ರೋಗನಿರೋಧಕ ವ್ಯವಸ್ಥೆ, ಕರುಳಿನಿಂದ ಮಿದುಳಿಗೆ ಸಾಗುವ ವೇಗಸ್ ನರ – ಈ ಎಲ್ಲ ದಾರಿಗಳನ್ನೂ ವಿಜ್ಞಾನಿಗಳು ಪರಿಶೀಲಿಸುತ್ತಿದ್ದಾರೆ.

ಇಲಿಗಾದದ್ದು ನಮಗೂ ಆಗುವುದೇ?

ಹಾಗೆಂದು ಅವಸರದಲ್ಲಿ ಹೇಳಬಾರದು. 2020ರಲ್ಲಿ ಬೆಲ್ಜಿಯಂನಲ್ಲಿ 66 ಆರೋಗ್ಯವಂತ ಪುರುಷರ ಮೇಲೆ ನಡೆದ ಒಂದು ವಾರದ ಪರೀಕ್ಷೆಯ ಫಲಿತಾಂಶ ಪ್ರಕಟವಾಯಿತು. ಈ ಆಮ್ಲಗಳನ್ನು ದೊಡ್ಡ ಕರುಳಿಗೆ ತಲುಪಿಸಿದಾಗ ಒತ್ತಡದ ಹಾರ್ಮೋನಿನ ಏರಿಕೆ ಕಡಿಮೆಯಾಗಿತ್ತು. ಆದರೆ ಅವರು ಖಿನ್ನತೆಯ ರೋಗಿಗಳಾಗಿರಲಿಲ್ಲ. ಆದ್ದರಿಂದ 'ಮುದ್ದೆ ತಿಂದರೆ ಖಿನ್ನತೆ ವಾಸಿ' ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನಾರಿನ ಆಹಾರ ದೇಹಕ್ಕೆ ಒಳ್ಳೆಯದು, ತಿನ್ನಿ. ಅದು ಖಿನ್ನತೆಗೆ ಔಷಧಿಯಲ್ಲ.

ಆಟ, ಊಟ, ಗೆಳೆಯರು ಯಾವುದೂ ಬೇಡವೆನಿಸುವ ಬೇಸರ ಎರಡು ವಾರವಾದರೂ ಹೋಗದಿದ್ದರೆ ಅದು ನಿಮ್ಮ ತಪ್ಪಲ್ಲ, ಸೋಮಾರಿತನವೂ ಅಲ್ಲ. ಅಮ್ಮನಿಗೋ ಅಪ್ಪನಿಗೋ ಮೇಷ್ಟ್ರಿಗೋ ಹೇಳಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು. ಇಲಿ ಬಾಯಿಬಿಟ್ಟು ಹೇಳಲಾರದು, ನೀವು ಹೇಳಬಲ್ಲಿರಿ.

ಯೋಚಿಸಿ: ಕಾರ್ಕ್ ಪ್ರಯೋಗದಲ್ಲಿ ಕೆಲವು ಇಲಿಗಳಿಗೆ ಆಮ್ಲ ಕೊಡದೇ ಇದ್ದದ್ದು ಏಕೆ? ತರಗತಿಯಲ್ಲಿ ಚರ್ಚಿಸಿ.