ಬುರುಡೆಯೊಳಗಿನ ಉರಿಯೂತಕ್ಕೊಂದು ಅಳತೆಗೋಲು

ಗಾಯಗೊಂಡ ಅಂಗವು ಬಿಸಿಯೇರಿ ದಪ್ಪಗಾಗುವುದಕ್ಕೆ ಕನ್ನಡದ ವೈದ್ಯಬರಹದಲ್ಲಿ ರೂಢಿಯಾಗಿರುವ ‘ಉರಿಯೂತ’ ಎಂಬ ಪದದಲ್ಲಿ ಉರಿ ಮತ್ತು ಊತ ಎರಡೂ ಕೂಡಿಕೊಂಡಿದ್ದು, ಕ್ರಿಸ್ತಶಕ ಒಂದನೆಯ ಶತಮಾನದ ರೋಮನ್ ಲೇಖಕ ಸೆಲ್ಸಸ್ ಹೇಳಿದ ಕೆಂಪು, ಊತ, ಬಿಸಿ, ನೋವು ಎಂಬ ನಾಲ್ಕು ಲಕ್ಷಣಗಳ ಸಾರವೆಲ್ಲ ಅದರಲ್ಲಿ ಅಡಗಿದೆ ಎನ್ನಬಹುದು. ಅಂಗಾಲಿಗೆ ಮುಳ್ಳು ಚುಚ್ಚಿದಾಗ ಇವೆಲ್ಲ ಕಣ್ಣಿಗೆ ಕಾಣುತ್ತವೆ, ಕೈಗೆ ತಗಲುತ್ತವೆ. ಮಿದುಳಿಗೆ ಪೆಟ್ಟಾದಾಗ ಮಾತ್ರ ಈ ಪದದ ಮೊದಲ ಅರ್ಧ ಮರೆಯಾಗುತ್ತದೆ. ಏಕೆಂದರೆ ಮಿದುಳಿನ ಅಂಗಾಂಶದಲ್ಲಿ ನೋವನ್ನು ಗ್ರಹಿಸುವ ನರತುದಿಗಳಿಲ್ಲ, ರೋಗಿಗೆ ಹಲವು ವೇಳೆ ಪ್ರಜ್ಞೆಯೇ ಇರುವುದಿಲ್ಲ, ಕೆಂಪಾದದ್ದನ್ನು ನೋಡಲು ಬುರುಡೆ ಬಿಡುವುದಿಲ್ಲ. ಉಳಿಯುವುದು ಊತ; ಅದಕ್ಕೂ ಒಳಗೆ ಜಾಗವಿಲ್ಲ.

ವಯಸ್ಕರ ಬುರುಡೆ ಹಿಗ್ಗದ ಪೆಟ್ಟಿಗೆ. ಸುಮಾರು 1,400 ಗ್ರಾಂ ತೂಗುವ ಮಿದುಳು, ಅದರ ನಾಳಗಳಲ್ಲಿ ಹರಿಯುವ ರಕ್ತ, ಮಿದುಳನ್ನೂ ಬೆನ್ನುಹುರಿಯನ್ನೂ ಸುತ್ತುವರಿದ ತಿಳಿನೀರಿನಂಥ ದ್ರವ ಈ ಮೂರೂ ಅದರೊಳಗೆ ಹೊಂದಿಕೊಂಡಿರಬೇಕಾದ್ದರಿಂದ, ಒಂದರ ಗಾತ್ರ ಹೆಚ್ಚಿದರೆ ಮತ್ತೊಂದು ಹಿಂದೆ ಸರಿಯಬೇಕು, ಸರಿಯಲಾಗದಿದ್ದರೆ ಒತ್ತಡ ಏರಬೇಕು. ಆರೋಗ್ಯವಂತರಲ್ಲಿ ಸಾಮಾನ್ಯವಾಗಿ 15 ಮಿಲಿಮೀಟರ್ ಪಾದರಸಕ್ಕಿಂತ ಕಡಿಮೆ ಇರುವ ಈ ಒತ್ತಡವು ತೀವ್ರ ಗಾಯಾಳುವಿನಲ್ಲಿ 22ನ್ನು ದಾಟಿದರೆ ಅದನ್ನು ತಗ್ಗಿಸುವ ಚಿಕಿತ್ಸೆ ಕೊಡಬೇಕೆಂದು ಅಮೆರಿಕದ ಬ್ರೇನ್ ಟ್ರಾಮಾ ಫೌಂಡೇಶನ್ 2016ರ ಮಾರ್ಗಸೂಚಿಯಲ್ಲಿ ಹೇಳಿದೆ. ಒತ್ತಡವನ್ನು ಅಳೆಯುವ ಸಾಧನಗಳು ತುರ್ತುನಿಗಾ ಘಟಕಗಳಲ್ಲಿ ಈಗಾಗಲೇ ಇವೆ. ಆದರೆ ಒತ್ತಡವೆಂಬುದು ನಡೆದುಹೋದ ಕ್ರಿಯೆಯ ಫಲ. ಆ ಕ್ರಿಯೆಯನ್ನೇ ಮೊದಲ ಹಂತದಲ್ಲಿ ಹಿಡಿಯಬೇಕೆಂಬ ಹಂಬಲದಿಂದ ಉರಿಯೂತದ ಸೂಚಕಗಳನ್ನು ಹುಡುಕುವ ವಿದ್ಯುದ್ರಾಸಾಯನಿಕ ಜೈವಿಕ ಸಂವೇದಕಗಳ ಸಂಶೋಧನೆ ಬೆಳೆದಿದೆ.

ತಲೆಗೆ ಬಿದ್ದ ಏಟಿನಿಂದ ಆ ಕ್ಷಣದಲ್ಲೇ ಆಗುವ ಹಾನಿಯನ್ನು ಪ್ರಾಥಮಿಕ ಗಾಯವೆಂದೂ, ಅನಂತರದ ಗಂಟೆಗಳಲ್ಲಿ ಮತ್ತು ದಿನಗಳಲ್ಲಿ ಅದರ ಸುತ್ತ ಹರಡುವ ಹಾನಿಯನ್ನು ದ್ವಿತೀಯಕ ಗಾಯವೆಂದೂ ವೈದ್ಯರು ಬೇರ್ಪಡಿಸುತ್ತಾರೆ. ಮೊದಲನೆಯದನ್ನು ಆಸ್ಪತ್ರೆ ಹಿಂದಿರುಗಿಸಲಾರದು. ಅದರ ಹೋರಾಟವೆಲ್ಲ ಎರಡನೆಯದರ ಜೊತೆಗೆ. ಒಡೆದ ಜೀವಕೋಶಗಳಿಂದ ಸೋರಿದ ವಸ್ತುಗಳನ್ನು ಗುರುತಿಸಿದ ಕೂಡಲೇ ಮಿದುಳಿನ ಕಾವಲು ಕೋಶಗಳಾದ ಮೈಕ್ರೋಗ್ಲಿಯಾ ಎಚ್ಚೆತ್ತು, ಸೈಟೊಕೈನ್‌ಗಳೆಂಬ ಸಣ್ಣ ಪ್ರೋಟೀನುಗಳನ್ನು ಬಿಡುಗಡೆ ಮಾಡುತ್ತವೆ. ಇವು ಒಂದು ಕೋಶ ಮತ್ತೊಂದಕ್ಕೆ ಕಳಿಸುವ ಓಲೆಗಳಿದ್ದಂತೆ. ಇಂಟರ್‌ಲ್ಯೂಕಿನ್-1 ಬೀಟಾ ಮತ್ತು ಟಿಎನ್‌ಎಫ್ ಆಲ್ಫಾ ಎಂಬವು ಉರಿಯೂತವನ್ನು ಕೆರಳಿಸಿ, ರಕ್ತ ಮತ್ತು ಮಿದುಳಿನ ನಡುವಿನ ತಡೆಗೋಡೆಯನ್ನು ಸಡಿಲಗೊಳಿಸುತ್ತವೆ. ಇಂಟರ್‌ಲ್ಯೂಕಿನ್-10 ಅದನ್ನು ತಣಿಸುತ್ತದೆ. ಇಂಟರ್‌ಲ್ಯೂಕಿನ್-6 ಸಂದರ್ಭಕ್ಕೆ ತಕ್ಕಂತೆ ಎರಡೂ ಪಾತ್ರಗಳನ್ನು ವಹಿಸುತ್ತದೆ.

ಹಾಗಾದರೆ ಉರಿಯೂತವನ್ನು ಔಷಧಿಯಿಂದ ಒಟ್ಟಾರೆಯಾಗಿ ಅಡಗಿಸಿಬಿಟ್ಟರಾಗದೇ ಎಂಬ ಪ್ರಶ್ನೆಗೆ ವೈದ್ಯವಿಜ್ಞಾನವು ದುಬಾರಿ ಬೆಲೆ ತೆತ್ತು ಉತ್ತರ ಪಡೆದಿದೆ. ಊತ ತಗ್ಗಿಸಲೆಂದು ದಶಕಗಳಿಂದ ತಲೆಗಾಯದವರಿಗೆ ಕೊಡಲಾಗುತ್ತಿದ್ದ ಸ್ಟೆರಾಯ್ಡ್‌ಗಳನ್ನು ಕ್ರ್ಯಾಶ್ ಎಂಬ ಹೆಸರಿನ ಅಂತರರಾಷ್ಟ್ರೀಯ ಪ್ರಯೋಗವು 10,008 ರೋಗಿಗಳಲ್ಲಿ ಪರೀಕ್ಷಿಸಿದಾಗ, ಎರಡು ವಾರಗಳೊಳಗೆ ಸತ್ತವರ ಪ್ರಮಾಣವು ಔಷಧಿ ಪಡೆದವರಲ್ಲಿ ಶೇಕಡ 21.1 ಮತ್ತು ಪಡೆಯದವರಲ್ಲಿ ಶೇಕಡ 17.9 ಎಂದು 2004ರಲ್ಲಿ ಪ್ರಕಟವಾಯಿತು. ಸ್ಟೆರಾಯ್ಡ್‌ಗಳು ಇಡೀ ದೇಹದ ಮೇಲೆ ಪರಿಣಾಮ ಬೀರುವುದರಿಂದ ಈ ಸಾವುಗಳಿಗೆ ಉರಿಯೂತವನ್ನು ಅಡಗಿಸಿದ್ದೇ ಕಾರಣವೆನ್ನುವಂತಿಲ್ಲ. ಆದರೂ ಸತ್ತ ಕೋಶಗಳನ್ನು ಗುಡಿಸಿ ದುರಸ್ತಿಗೆ ಅಣಿಮಾಡುವುದೂ ಇದೇ ಉರಿಯೂತವಾಗಿರುವುದರಿಂದ, ಯಾವ ರೋಗಿಯಲ್ಲಿ, ಯಾವ ಗಂಟೆಯಲ್ಲಿ, ಯಾವ ಸೈಟೊಕೈನ್ ಎಷ್ಟಿದೆ ಎಂದು ತಿಳಿಯದೆ ಅದಕ್ಕೆ ಕೈಹಾಕುವುದು ಕತ್ತಲಲ್ಲಿ ಕೋಲು ಬೀಸಿದಂತೆ ಎಂಬುದನ್ನು ಒಪ್ಪಬೇಕಾಗುತ್ತದೆ.

ಈ ಪ್ರಮಾಣವನ್ನು ತಿಳಿಸುವ ಎಲೈಸಾ ಪರೀಕ್ಷೆ 1971ರಿಂದಲೂ ಇದೆ. ಅದು ನಿಖರವಾದುದೇ, ಆದರೆ ಮಾದರಿಯನ್ನು ಪ್ರಯೋಗಾಲಯಕ್ಕೆ ಒಯ್ದು, ಹಲವು ಬಾರಿ ತೊಳೆದು, ಕಾಯ್ದು ಉತ್ತರ ಪಡೆಯಲು ಗಂಟೆಗಳೇ ಬೇಕು. ಗಂಟೆಗಂಟೆಗೂ ಏರಿಳಿಯುವ ವಸ್ತುವಿನ ವಿಷಯದಲ್ಲಿ ಇದು ಊರು ಕೊಳ್ಳೆಹೋದ ಮೇಲೆ ದಿಡ್ಡಿಬಾಗಿಲು ಹಾಕಿದಂತೆಯೇ ಸರಿ.

ವಿದ್ಯುದ್ರಾಸಾಯನಿಕ ಸಂವೇದಕದ ಮೂಲತತ್ವ ಮಧುಮೇಹಿಗಳ ಮನೆಗಳಲ್ಲಿ ನಿತ್ಯವೂ ಬಳಕೆಯಾಗುತ್ತಿದೆ. ಅಮೆರಿಕದ ಲೆಲಾಂಡ್ ಕ್ಲಾರ್ಕ್ 1962ರಲ್ಲಿ ಚಾಂಪ್ ಲಯನ್ಸ್ ಅವರೊಡಗೂಡಿ ಮಂಡಿಸಿದ ಆಲೋಚನೆ ಸರಳವಾದುದು: ಗ್ಲೂಕೋಸನ್ನು ಮಾತ್ರ ಗುರುತಿಸುವ ಕಿಣ್ವವೊಂದನ್ನು ವಿದ್ಯುದ್ವಾರದ, ಅಂದರೆ ದ್ರಾವಣಕ್ಕೂ ತಂತಿಗೂ ನಡುವೆ ಎಲೆಕ್ಟ್ರಾನುಗಳನ್ನು ದಾಟಿಸುವ ಲೋಹದ ಇಲ್ಲವೇ ಇಂಗಾಲದ ತುದಿಯ, ಮೇಲೆ ಕೂರಿಸಿದರೆ, ಆ ಕಿಣ್ವ ನಡೆಸುವ ಕ್ರಿಯೆಯ ಪ್ರಮಾಣವನ್ನು ವಿದ್ಯುತ್ತಿನ ಭಾಷೆಯಲ್ಲಿ ಓದಬಹುದು. ಬೆರಳ ತುದಿಯ ಒಂದು ಹನಿ ರಕ್ತದಿಂದ ಕೆಲವೇ ಸೆಕೆಂಡುಗಳಲ್ಲಿ ಸಕ್ಕರೆಯ ಅಳತೆ ಕೊಡುವ ಪಟ್ಟಿಗಳೆಲ್ಲ ಈ ಕಲ್ಪನೆಯ ಸಂತಾನ.

ಸೈಟೊಕೈನ್‌ಗಳಿಗೆ ಬಂದಾಗ ಈ ಸರಳತೆ ಕೈಕೊಡುತ್ತದೆ. ಅವುಗಳನ್ನು ಗ್ಲೂಕೋಸಿನಂತೆ ಮತ್ತೆ ಮತ್ತೆ ಉರಿಸಿ ವಿದ್ಯುತ್ತು ಹುಟ್ಟಿಸುವ ಕಿಣ್ವವಿಲ್ಲದ ಕಾರಣ, ಅವುಗಳಿಗೆ ಮಾತ್ರ ಅಂಟುವ ಪ್ರತಿಕಾಯಗಳನ್ನು, ಅಂದರೆ ದೇಹದ ರೋಗನಿರೋಧಕ ವ್ಯವಸ್ಥೆ ತಯಾರಿಸುವ ಗುರುತುಹಿಡಿಯುವ ಪ್ರೋಟೀನುಗಳನ್ನು, ಚಿನ್ನದ ಇಲ್ಲವೇ ಇಂಗಾಲದ ವಿದ್ಯುದ್ವಾರದ ಮೇಲೆ ಒತ್ತಾಗಿ ನೆಡಲಾಗುತ್ತದೆ. ಸೈಟೊಕೈನ್ ಬಂದು ಸಿಕ್ಕಿಕೊಂಡಾಗ ಅದು ಎಲೆಕ್ಟ್ರಾನುಗಳ ಹಾದಿಗೆ ಅಡ್ಡವಾಗುವುದರಿಂದ ಹೆಚ್ಚುವ ತಡೆಯನ್ನು ಅಳೆಯುವುದು ಒಂದು ವಿಧಾನ. ಕಿಣ್ವದ ಗುರುತು ಹೊತ್ತ ಎರಡನೆಯ ಪ್ರತಿಕಾಯವನ್ನು ಅದರ ಬೆನ್ನಿಗೆ ಅಂಟಿಸಿ, ಆ ಕಿಣ್ವ ಹುಟ್ಟಿಸುವ ಪ್ರವಾಹವನ್ನು ಅಳೆಯುವುದು ಮತ್ತೊಂದು.

ಪ್ರಯೋಗಾಲಯದ ಶುದ್ಧ ಉಪ್ಪುನೀರಿನಲ್ಲಿ ಇಂಥ ಸಂವೇದಕಗಳು ಬೆರಗು ಹುಟ್ಟಿಸುವಷ್ಟು ಸೂಕ್ಷ್ಮವಾಗಿ ಕೆಲಸ ಮಾಡುತ್ತವೆ, ಮತ್ತು ಪ್ರಕಟಣೆಗಳಲ್ಲಿ ಮಿಂಚುವ ಅಂಕಿಗಳು ಬಹುಪಾಲು ಅಲ್ಲಿಯವೇ. ರಕ್ತ ಶುದ್ಧ ಉಪ್ಪುನೀರಲ್ಲ. ಒಂದು ಮಿಲಿಲೀಟರ್ ರಕ್ತದ್ರವದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನೊಂದೇ ಸುಮಾರು 40 ಮಿಲಿಗ್ರಾಂನಷ್ಟಿದೆ. ಅದೇ ಮಿಲಿಲೀಟರಿನಲ್ಲಿ ಇಂಟರ್‌ಲ್ಯೂಕಿನ್-6 ಗಾಯದ ನಂತರ ಏರಿ 40 ಪಿಕೋಗ್ರಾಂ ತಲುಪಿತೆಂದುಕೊಂಡರೆ, ಹುಡುಕಬೇಕಾದ ವಸ್ತುವಿಗಿಂತ ಬೇಡದ ಒಂದೇ ಪ್ರೋಟೀನು ತೂಕದಲ್ಲಿ ನೂರು ಕೋಟಿ ಪಟ್ಟು ಹೆಚ್ಚಿದೆ ಎಂದಾಯಿತು. ಈ ಗುಂಪು ವಿದ್ಯುದ್ವಾರದ ಮೇಲೆ ಪಾಚಿಯಂತೆ ಕಟ್ಟಿಕೊಂಡು ನಿಜವಾದ ಸಂಕೇತವನ್ನು ಮುಚ್ಚಿಬಿಡುತ್ತದೆ. ನೀರನ್ನು ಹಿಡಿದಿಟ್ಟುಕೊಂಡು ಪ್ರೋಟೀನುಗಳನ್ನು ದೂರವಿಡುವ ಪಾಲಿಮರ್ ಲೇಪನಗಳ ಹುಡುಕಾಟಕ್ಕೆ ಈ ಕ್ಷೇತ್ರದ ಶ್ರಮದ ದೊಡ್ಡ ಪಾಲು ವ್ಯಯವಾಗುತ್ತಿರುವುದು ಇದರಿಂದಲೇ.

ಇದಕ್ಕಿಂತ ಆಳವಾದ ಇನ್ನೊಂದು ತೊಡಕು ಅಂಟುವಿಕೆಯ ಸ್ವಭಾವದಲ್ಲೇ ಇದೆ. ಇಷ್ಟು ವಿರಳವಾದ ವಸ್ತುವನ್ನು ಹಿಡಿಯಬೇಕಾದರೆ ಹಿಡಿತ ಬಿಗಿಯಾಗಿರಬೇಕು. ಬಿಗಿಯಾಗಿ ಹಿಡಿದದ್ದು ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಬಿಡುವುದಿಲ್ಲ. ಆಗ ಸೈಟೊಕೈನ್ ಪ್ರಮಾಣ ಏರಿದ್ದು ಸಂವೇದಕಕ್ಕೆ ತಿಳಿಯುತ್ತದೆ, ಇಳಿದದ್ದು ತಿಳಿಯುವುದಿಲ್ಲ. ಹಿಡಿತ ಸಡಿಲಿಸಿದರೆ ಏರಿದ್ದೂ ತಿಳಿಯುವುದಿಲ್ಲ. ಅತ್ತ ದರಿ, ಇತ್ತ ಪುಲಿ. ಪ್ರತಿಕಾಯದ ಬದಲು ಆಪ್ಟಮರ್‌ಗಳೆಂಬ ಡಿಎನ್‌ಎ ತುಣುಕುಗಳನ್ನು ಬಳಸುವುದು ಇದಕ್ಕೆ ಸೂಚಿತವಾಗಿರುವ ಹಾದಿಗಳಲ್ಲೊಂದು. ಇವು ಗುರಿವಸ್ತುವನ್ನು ಅಪ್ಪಿಕೊಂಡಾಗ ಮಡಿಚಿಕೊಳ್ಳುತ್ತವೆ, ಆಗ ತುದಿಗೆ ಕಟ್ಟಿದ ಮೆಥಿಲೀನ್ ಬ್ಲೂ ಎಂಬ ಬಣ್ಣದ ಅಣು ಲೋಹಕ್ಕೆ ಹತ್ತಿರವಾಗಿ ಪ್ರವಾಹ ಬದಲಾಗುತ್ತದೆ. ವಸ್ತು ಬಿಟ್ಟುಹೋದಾಗ ತುಣುಕು ಮತ್ತೆ ಬಿಚ್ಚಿಕೊಳ್ಳುತ್ತದೆ. ಕ್ಯಾಲಿಫೋರ್ನಿಯಾದ ಸಾಂತಾ ಬಾರ್ಬರಾದಲ್ಲಿ ಕೆವಿನ್ ಪ್ಲಾಕ್ಸ್‌ಕೊ ಅವರ ತಂಡ ಈ ತತ್ವದ ತಂತಿಗಳನ್ನು ಜೀವಂತ ಇಲಿಗಳ ರಕ್ತನಾಳದಲ್ಲಿರಿಸಿ ಔಷಧಿಗಳ ಏರಿಳಿತವನ್ನು ಗಂಟೆಗಳ ಕಾಲ ಹಿಂಬಾಲಿಸಿದೆ. ಆದರೆ ಆ ಔಷಧಿಗಳು ರಕ್ತದಲ್ಲಿರುವ ಸಾಂದ್ರತೆಗೂ ಸೈಟೊಕೈನ್‌ಗಳ ಸಾಂದ್ರತೆಗೂ ಲಕ್ಷಾಂತರ ಪಟ್ಟು ಅಂತರವಿದೆಯೆಂಬುದನ್ನು ಉತ್ಸಾಹದ ಭರದಲ್ಲಿ ಮರೆಯುವಂತಿಲ್ಲ.

ಅಳೆಯುವ ದ್ರವವನ್ನು ಎಲ್ಲಿಂದ ಪಡೆಯಬೇಕೆಂಬುದೂ ಸಣ್ಣ ಪ್ರಶ್ನೆಯಲ್ಲ. ರಕ್ತ ಸುಲಭವಾಗಿ ಸಿಗುತ್ತದೆ, ಆದರೆ ರಸ್ತೆ ಅಪಘಾತದಲ್ಲಿ ತಲೆಯೊಂದಿಗೆ ತೊಡೆಯೆಲುಬೂ ಮುರಿದವರಲ್ಲಿ ಇಂಟರ್‌ಲ್ಯೂಕಿನ್-6 ಯಾವ ಗಾಯದಿಂದ ಏರಿತೆಂದು ರಕ್ತ ಹೇಳಲಾರದು. ಸೋಂಕು ತಗಲಿದರೂ ಅದು ಏರುತ್ತದೆ. ಸ್ವೀಡನ್ನಿನ ಉರ್ಬನ್ ಉಂಗೆರ್‌ಸ್ಟೆಟ್ ಬೆಳೆಸಿದ ಮೈಕ್ರೋಡಯಾಲಿಸಿಸ್ ವಿಧಾನದಲ್ಲಿ, ತುದಿಯಲ್ಲಿ ಜರಡಿಯಂಥ ಪೊರೆಯುಳ್ಳ ಸಪೂರ ನಳಿಕೆಯೊಂದನ್ನು ಮಿದುಳಿನೊಳಗೇ ಇರಿಸಿ, ನಿಮಿಷಕ್ಕೆ 0.3 ಮೈಕ್ರೋಲೀಟರಿನಂತೆ ದ್ರವ ಹರಿಸಿ, ಕೋಶಗಳ ನಡುವಿನ ವಸ್ತುಗಳನ್ನು ಹೊರತರಲಾಗುತ್ತದೆ. ಗಂಟೆಗೆ ಸಿಗುವುದು 18 ಮೈಕ್ರೋಲೀಟರ್, ಅರ್ಧ ಹನಿಗೂ ಕಡಿಮೆ. ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಮಾರ್ಟಿನ್ ಬೂಟೆಲ್ ಅವರ ತಂಡ ಈ ಹರಿವಿಗೇ ವಿದ್ಯುದ್ರಾಸಾಯನಿಕ ಸಂವೇದಕಗಳನ್ನು ಜೋಡಿಸಿ, ಗ್ಲೂಕೋಸ್ ಮತ್ತು ಲ್ಯಾಕ್ಟೇಟ್‌ಗಳ ಬದಲಾವಣೆಯನ್ನು ಗಾಯಾಳುಗಳ ಹಾಸಿಗೆಯ ಪಕ್ಕದಲ್ಲೇ ದಾಖಲಿಸಿದೆ. ಸೈಟೊಕೈನ್‌ಗಳಾದರೋ ಗಾತ್ರದಲ್ಲಿ ನೂರಾರು ಪಟ್ಟು ದೊಡ್ಡವು. ರಂಧ್ರಗಳು ಅಗಲವಾದ ಪೊರೆಯಿದ್ದರೂ ಒಂದು ಪಾಲು ಮಾತ್ರ ದಾಟಿ ಬರುತ್ತದೆ.

ಆಸ್ಪತ್ರೆಗೆ ಈಗಾಗಲೇ ಬಂದಿರುವ ಸಾಧನವೊಂದನ್ನು ಉರಿಯೂತದ ಸಂವೇದಕವೆಂದು ತಪ್ಪು ತಿಳಿಯುವುದು ಸುಲಭ. ಅಬಾಟ್ ಕಂಪನಿಯ ಐ-ಸ್ಟಾಟ್ ಎಂಬ ಕೈಯಲ್ಲಿ ಹಿಡಿಯುವ ಯಂತ್ರ ಸುಮಾರು 15 ನಿಮಿಷಗಳಲ್ಲಿ ಜಿಎಫ್‌ಎಪಿ ಮತ್ತು ಯುಸಿಎಚ್-ಎಲ್1 ಎಂಬ ಎರಡು ಪ್ರೋಟೀನುಗಳನ್ನು ಪ್ರತಿಕಾಯ ಮತ್ತು ವಿದ್ಯುದ್ವಾರಗಳ ನೆರವಿನಿಂದಲೇ ಅಳೆಯುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಅದನ್ನು ಪ್ಲಾಸ್ಮಾಕ್ಕೆ 2021ರಲ್ಲೂ ಇಡಿಯ ರಕ್ತಕ್ಕೆ 2024ರಲ್ಲೂ ಒಪ್ಪಿತು. ಆದರೆ ಅವು ಒಡೆದ ಮಿದುಳುಕೋಶಗಳಿಂದ ಸೋರಿದ ವಸ್ತುಗಳೇ ಹೊರತು ಉರಿಯೂತದ ಸೂಚಕಗಳಲ್ಲ. ಸಿಟಿ ಸ್ಕ್ಯಾನ್ ಬೇಕೇ ಬೇಡವೇ ಎಂದು ಒಮ್ಮೆ ನಿರ್ಧರಿಸಲು ಅವು ಸಾಕು. ಐದು ದಿನಗಳ ಉರಿಯೂತದ ಏರಿಳಿತವನ್ನು ಹಿಂಬಾಲಿಸುವುದು ಅವುಗಳ ಕೆಲಸವಲ್ಲ.

ಉರಿಯೂತದ ಇಂಥ ಅಳತೆಯ ಅಗತ್ಯ ನಮ್ಮಲ್ಲೂ ಕಡಿಮೆಯಿಲ್ಲ: 2022ರಲ್ಲಿ ಭಾರತದ ರಸ್ತೆ ಅಪಘಾತಗಳಲ್ಲಿ 1,68,491 ಮಂದಿ ಸತ್ತರು. ತಲೆಗಾಯದ ಚಿಕಿತ್ಸೆಗೆ ಹೆಸರಾದ ನಿಮ್ಹಾನ್ಸ್ ಇರುವ ಬೆಂಗಳೂರಿನಲ್ಲೇ, ಭಾರತೀಯ ವಿಜ್ಞಾನ ಸಂಸ್ಥೆಯ ನವಕಾಂತ ಭಟ್ ಮತ್ತು ಸಂಗಡಿಗರ ಸಂಶೋಧನೆಯಿಂದ ಹುಟ್ಟಿದ ಪಾಥ್‌ಶೋಧ್ ಕಂಪನಿ ಮಧುಮೇಹದ ಹಲವು ಸೂಚಕಗಳನ್ನು ಬೆರಳಿನ ರಕ್ತದಿಂದ ಅಳೆಯುವ ವಿದ್ಯುದ್ರಾಸಾಯನಿಕ ಉಪಕರಣವನ್ನು ತಯಾರಿಸಿದೆ. ಅಂದರೆ ಪಟ್ಟಿ ಮತ್ತು ಅದನ್ನು ಓದುವ ಯಂತ್ರ ಎರಡನ್ನೂ ಮಾಡುವ ಕೌಶಲ ಇಲ್ಲಿದೆ. ತುರ್ತುನಿಗಾ ಘಟಕಕ್ಕೆ ಬೇಕಾದದ್ದು ಒಂದೇ ಬಿಲ್ಲೆಯ ಮೇಲೆ ನಾಲ್ಕೈದು ವಿದ್ಯುದ್ವಾರಗಳು, ಒಂದೊಂದರ ಮೇಲೂ ಒಂದೊಂದು ಸೈಟೊಕೈನಿನ ಗ್ರಾಹಕ, ಮತ್ತು ಅದೇ ಗಳಿಗೆಯಲ್ಲಿ ರಕ್ತವನ್ನೂ ಮಿದುಳಿನ ದ್ರವವನ್ನೂ ಅಕ್ಕಪಕ್ಕದಲ್ಲಿ ಓದಿ, ಏರಿದ್ದು ತೊಡೆಯ ಗಾಯದಿಂದಲೋ ತಲೆಯ ಗಾಯದಿಂದಲೋ ಎಂಬುದನ್ನು ಬೇರ್ಪಡಿಸಿ ತೋರಿಸುವ ಜೋಡಿ ಅಳತೆ.