ಸೆಳೆತದಲ್ಲೂ ಕಲ್ಲು ಬಿಡದ ಮೀನು

ಮಲೆನಾಡಿನ ಹಳ್ಳಗಳಲ್ಲಿ ನೀರು ಮೊಣಕಾಲುದ್ದವೇ ಇದ್ದರೂ, ಸೆಳೆತ ಜೋರಾಗಿದ್ದರೆ ಗಟ್ಟಿ ಆಳೂ ಕಾಲೂರಲು ಕಷ್ಟಪಡುತ್ತಾನೆ. ಅಂಥ ಕಡೆಯೇ, ನೊರೆಯೆಬ್ಬಿಸಿ ಹರಿಯುವ ನೀರಿನಡಿಯ ಬಂಡೆಗೆ ಮೈಚಾಚಿ, ಬೆರಳುದ್ದದ ಮೀನೊಂದು ನಿಶ್ಚಿಂತೆಯಿಂದ ಪಾಚಿ ಕೆರೆದು ತಿನ್ನುತ್ತಿರುತ್ತದೆ. ಅದರ ಹೆಸರು ಭವಾನಿಯಾ ಆಸ್ಟ್ರಾಲಿಸ್. 1849ರಲ್ಲಿ ಇದನ್ನು ಮೊದಲು ವರ್ಣಿಸಿದವರು ಮದ್ರಾಸ್ ಸೇನೆಯಲ್ಲಿ ವೈದ್ಯರಾಗಿದ್ದ ಜರ್ಡನ್. 1920ರಲ್ಲಿ ಭವಾನಿಯಾ ಎಂಬ ಕುಲವನ್ನೇ ಹುಟ್ಟುಹಾಕಿದವರು ಮತ್ಸ್ಯವಿಜ್ಞಾನಿ ಸುಂದರಲಾಲ್ ಹೋರಾ. ಪಶ್ಚಿಮಘಟ್ಟ ಬಿಟ್ಟರೆ ಇದು ಬೇರೆಲ್ಲೂ ಇಲ್ಲ.

ಈ ಮೀನಿನ ಕಸುಬು ಅರ್ಥವಾಗಬೇಕಾದರೆ ಅದನ್ನು ಹೊಟ್ಟೆಯ ಕಡೆಯಿಂದ ನೋಡಬೇಕು. ಗಾಜಿಗೆ ಅಂಟಿದ ಹಲ್ಲಿಯನ್ನು ಹೊರಗಿನಿಂದ ನೋಡುವ ಹಾಗೆ. ತಳಭಾಗ ಪೂರಾ ಚಪ್ಪಟೆ. ಎರಡು ಜೋಡಿ ರೆಕ್ಕೆಗಳು ಪಕ್ಕಕ್ಕೆ ಬೀಸಣಿಗೆಯಾಗಿ ಹರಡಿರುತ್ತವೆ. ಅವುಗಳ ಹೊರಅಂಚಿನ ಕಡ್ಡಿಗಳು ಅಗಲವಾಗಿ, ಅಡಿಯ ಚರ್ಮ ದಪ್ಪಗೆ ಮೆತ್ತೆಗಟ್ಟಿರುತ್ತದೆ. ಆ ಮೆತ್ತೆಯನ್ನು ಸೂಕ್ಷ್ಮದರ್ಶಕದಲ್ಲಿಟ್ಟರೆ ಒಂದೊಂದೇ ಜೀವಕೋಶದಿಂದ ಎದ್ದ ಕೊಂಬಿನಂಥ ಗಡಸು ಮೊನೆಗಳು ಕಾಣುತ್ತವೆ. ಕಲ್ಲಿನ ಒರಟಿಗೆ ಕಚ್ಚಿಕೊಳ್ಳುವುದು ಇವೇ. ಇನ್ನು ಸೆಳೆತದ ಮಾತು: ಇಳಿಜಾರು ಮೂತಿಯ ಮೇಲೆ, ಹರಡಿದ ರೆಕ್ಕೆಗಳ ಮೇಲೆ ಬಂದು ಬಿದ್ದ ನೀರು ಮೀನನ್ನು ಕಲ್ಲಿಗೇ ಒತ್ತುತ್ತದೆ. ಕೊಚ್ಚಿಕೊಂಡು ಹೋಗಬೇಕಾದ ನೀರಿನಿಂದಲೇ ಹಿಡಿತಕ್ಕೆ ಬಲ ತುಂಬಿಸಿಕೊಳ್ಳುತ್ತದಲ್ಲ, ಇದಕ್ಕೆ ನಾನು ತಲೆದೂಗುತ್ತೇನೆ.

ಇಷ್ಟಾದರೂ ಹೊಟ್ಟೆಯಡಿಗೆ ಒಂದಿಷ್ಟು ನೀರು ನುಸುಳಿಯೇ ನುಸುಳುತ್ತದೆ. ಬಿಟ್ಟರೆ ಮೀನನ್ನು ಕಲ್ಲಿನಿಂದ ಎಬ್ಬಿಸಿಬಿಡುತ್ತದೆ. ಅದಕ್ಕೂ ಏರ್ಪಾಡಿದೆ. ಮುಂದಿನ ರೆಕ್ಕೆಗಳ ಹೊರಕಡ್ಡಿಗಳು ಕಲ್ಲನ್ನು ಹಿಡಿದಿರುವಾಗ, ಒಳಗಡೆಯ ಕಡ್ಡಿಗಳು ಬಿಡುವಿಲ್ಲದೆ ಮಿಡಿಯುತ್ತ ಆ ನೀರನ್ನು ಹಿಂದಕ್ಕೆ ಹೊರಹಾಕುತ್ತಿರುತ್ತವೆ. ಹೀಗೆ ಒಂದೇ ರೆಕ್ಕೆಯ ಅರ್ಧ ಭಾಗ ಹಿಡಿಯುತ್ತದೆ, ಉಳಿದರ್ಧ ನೀರು ಎತ್ತುತ್ತದೆ. ಬಾಯಿ ತಲೆಯ ಅಡಿಗಿರುವುದರಿಂದ ಮೇಯಲು ಮೈ ಎತ್ತಬೇಕಾಗಿಲ್ಲ. ಕಿವಿರಿನ ಬಾಯಿ ಕಿರಿದಾಗಿ ಮೇಲಕ್ಕೆ ಸರಿದಿದೆ. ತೇಲಿಸುವ ಗಾಳಿಚೀಲ ಕುಗ್ಗಿ ಮೂಳೆಯ ಗೂಡೊಳಗೆ ಸೇರಿದೆ. ತಳ ಬಿಡದ ಮೀನಿಗೆ ತೇಲಿಕೆಯೇ ಅಪಾಯ.

ಹಳ್ಳದ ಜೀವಿಗಳ ಈ ಅಂಟುವ ಅಂಗಗಳ ಬಗ್ಗೆ ಹೋರಾ 1930ರಲ್ಲೇ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ದೀರ್ಘ ಪ್ರಬಂಧ ಬರೆದರು. 1941ರಲ್ಲಿ ಇದೇ ಬಳಗದ ಇನ್ನೊಂದು ಮೀನಿಗೆ ಮೈಸೂರಿನ ಹೆಸರನ್ನೇ ಇಟ್ಟರು: ಬಲಿಟೋರಾ ಮೈಸೂರೆನ್ಸಿಸ್. ಈ ಬಳಗದ ನೆಂಟರು ಈಶಾನ್ಯ ಭಾರತದಲ್ಲೂ ಅದರಾಚೆ ಮಲಯದ ಕಡೆಯೂ ಇದ್ದಾರೆ. ನಡುವಿನ ಬಯಲುಸೀಮೆ ದಾಟಿ ಇವು ಘಟ್ಟಕ್ಕೆ ಬಂದದ್ದು ಹೇಗೆ? ಸಾತ್ಪುರ ಬೆಟ್ಟಸಾಲಿನ ದಾರಿಯಾಗಿ ಎಂದರು ಹೋರಾ. ಆ ಚರ್ಚೆ ಇನ್ನೂ ಮುಗಿದಿಲ್ಲ.

ಇಂಥ ಮೀನಿಗೆ ಬೇಕಾದದ್ದು ಬಹಳವಿಲ್ಲ. ತಿಳಿನೀರು, ಬರಿಗಲ್ಲು, ಕಲ್ಲಿನ ಮೇಲೆ ತೆಳ್ಳನೆಯ ಪಾಚಿ. ಮೇಲ್ಗಡೆ ಗುಡ್ಡ ಅಗೆದರೆ ಹರಿದುಬರುವ ಹೂಳು ಕೂತು ಹಿಡಿಯಲು ಕಲ್ಲೇ ಇಲ್ಲವಾಗುತ್ತದೆ. ಬ್ಲೀಚಿಂಗ್ ಪೌಡರ್ ಸುರಿದು ಮೀನು ಹಿಡಿಯುವವರಂತೂ ಹಳ್ಳವನ್ನೇ ಬರಿದು ಮಾಡುತ್ತಾರೆ. ಅಡಿಕೆಗೆ ಹೊಡೆಯುವ ಮೈಲುತುತ್ತದ ದ್ರಾವಣ ಮೀನಿಗೆ ವಿಷ, ಅದು ತಿನ್ನುವ ಪಾಚಿಗೂ ವಿಷ. ಕೊಳೆರೋಗಕ್ಕೆ ಔಷಧಿ ಹೊಡೆಯದಿರಿ ಎಂದು ಬೆಳೆಗಾರರಿಗೆ ಹೇಳಲಾಗದು. ಆದರೆ ಔಷಧಿ ಕಲಸಿದ ಡ್ರಮ್ಮನ್ನು, ಪಂಪನ್ನು ದಯವಿಟ್ಟು ಹಳ್ಳಕ್ಕೆ ಒಯ್ದು ತೊಳೆಯಬೇಡಿ. ನೀರನ್ನು ತೋಟಕ್ಕೇ ಹೊತ್ತು ತಂದು, ಹಳ್ಳದಿಂದ ದೂರದಲ್ಲಿ ತೊಳೆಯಿರಿ.