ಶಾಸನದ ಮುಂದೆ ಕ್ಯಾಮೆರಾ ಕೈಕೊಟ್ಟರೆ

ರಸ್ತೆ ಅಗಲೀಕರಣಕ್ಕೋ ಮನೆಯ ಅಡಿಪಾಯಕ್ಕೋ ಕಲ್ಲು ಹೋದ ಮೇಲೆ, ಎಷ್ಟೋ ಶಾಸನಗಳಿಗೆ ಉಳಿಯೋದು ನಾವು ತೆಗೆದ ಚಿತ್ರ ಮಾತ್ರ. ಹಾಗಾಗಿ ಕ್ಷೇತ್ರಕಾರ್ಯದಲ್ಲಿ ಪುಟ್ಟ ಡಿಜಿಟಲ್ ಕ್ಯಾಮೆರಾ ಕೆಟ್ಟರೆ ನಾನು ಮೊದಲು ಕಾಪಾಡೋದು ಮೆಮೊರಿ ಕಾರ್ಡನ್ನು, ಕ್ಯಾಮೆರಾ ಆಮೇಲೆ.

ಕಾರ್ಡ್: ‘ಲಾಕ್’ ಅಂತ ತೋರಿಸಿದರೆ ಕಾರ್ಡಿನ ಅಂಚಿನ ಸಣ್ಣ ಗುಂಡಿಯನ್ನು ಮೇಲಕ್ಕೆ ಸರಿಸಿ, ಸಾಕು. ‘ಕಾರ್ಡ್ ಎರರ್’ ಬಂದರೆ ಮಾತ್ರ ಫಾರ್ಮ್ಯಾಟ್ ಮಾಡಲೇಬೇಡಿ, ಅದರಲ್ಲಿ ಮತ್ತೊಂದು ಚಿತ್ರವನ್ನೂ ತೆಗೀಬೇಡಿ. ಹಳೆಯ ಶಾಸನ ಅಳಿಸಿ ಮೇಲೆ ಹೊಸದು ಕೆತ್ತಿದ ಹಾಗಾಗುತ್ತೆ. ಹಾಗೇ ಎತ್ತಿಟ್ಟರೆ ಫೋಟೋರೆಕ್‌ನಂತಹ ಉಚಿತ ತಂತ್ರಾಂಶದಿಂದ ಚಿತ್ರಗಳು ಮರಳಿ ಸಿಗುವ ಸಾಧ್ಯತೆ ಹೆಚ್ಚು.

ಲೆನ್ಸ್: ಅರ್ಧಕ್ಕೆ ನಿಂತು ‘ಲೆನ್ಸ್ ಎರರ್’ ಅಂದರೆ, ಬಹುಪಾಲು ಕೊಳವೆಗಳ ಸಂದಿಯಲ್ಲಿ ಮಣ್ಣಿರುತ್ತೆ. ಬ್ಯಾಟರಿ ತೆಗೆದು, ಲೆನ್ಸನ್ನು ಕೆಳಮುಖವಾಗಿ ಹಿಡಿದು, ರಬ್ಬರ್ ಬ್ಲೋವರಿನಿಂದ ಸುತ್ತಲೂ ಗಾಳಿ ಹಾಕಿ. ಬಲವಂತವಾಗಿ ಎಳೆದರೆ ಒಳಗಿನ ಪ್ಲಾಸ್ಟಿಕ್ ಹಲ್ಲುಚಕ್ರ ಮುರಿಯಬಹುದು.

ಬ್ಯಾಟರಿ: ಪೆನ್ ಸೆಲ್ ಹಾಕುವ ಕ್ಯಾಮೆರಾ ಬೇಗ ಆಫ್ ಆಗ್ತಿದ್ದರೆ ರೀಚಾರ್ಜ್ ಆಗುವ ನಿಕಲ್ ಸೆಲ್ ಬಳಸಿ. ಸೆಲ್ ಕೂರುವ ತಗಡುಗಳನ್ನು ಒಣಬಟ್ಟೆಯಲ್ಲಿ ಒರೆಸಿ.

ಕವಚವನ್ನು ಮಾತ್ರ ನೀವೇ ಬಿಚ್ಚಬೇಡಿ. ಫ್ಲಾಶಿನ ಕೆಪಾಸಿಟರಿನಲ್ಲಿ ಬ್ಯಾಟರಿ ತೆಗೆದ ಮೇಲೂ ಸುಮಾರು 300 ವೋಲ್ಟ್ ಉಳಿದಿರಬಹುದು.

ಬ್ಯಾಟರಿ ಬಹಳ ದಿನ ಹೊರಗಿದ್ದರೆ ಗಡಿಯಾರವೂ ಮೊದಲಿಗೆ ಮರಳುತ್ತೆ. ರಿಪೇರಿಯಾದ ಕೂಡಲೇ ದಿನಾಂಕ ಸರಿಮಾಡಿಕೊಳ್ಳಿ. ಕಾಲಮಾನ ತಪ್ಪಿದ ದಾಖಲೆ ಎಷ್ಟು ಕಾಡುತ್ತೆ ಅಂತ ಶಾಸನ ಓದುವವರಿಗೆ ಹೇಳಬೇಕಿಲ್ಲ.